ಧೀಂಗಿಣಕ್ಕೆ ಮೊದಲು ಪುಟ್ಟ ನೆಗೆತ

ರಾಜ್ಯೋತ್ಸವ ಹತ್ತಿರ ಬಂದಂತೆ ಔಷಧಿ ಕೌಂಟರಿನಲ್ಲಿ ನಮ್ಮವರ ಪ್ರಶ್ನೆಯೊಂದು ತಪ್ಪುವುದಿಲ್ಲ: "ಶುಕ್ರವಾರ ಕುಣಿತ ಇದೆ, ಮಂಡಿನೋವಿಗೆ ಗಟ್ಟಿ ಮಾತ್ರೆ ಯಾವುದಿದೆ?" ಮಾತ್ರೆಗಿಂತ ಮೊದಲು ನಾವು ಹೇಳುವ ಮಾತು ಒಂದಿದೆ.

ಯಕ್ಷಗಾನದ ಧೀಂಗಿಣ, ಭರತನಾಟ್ಯದ ಕುದಿತ್ತಮೆಟ್ಟು, ಡೊಳ್ಳು ಕುಣಿತ, ಎಲ್ಲದರಲ್ಲೂ ನೆಗೆತವಿದೆ. ನೆಗೆದು ಇಳಿಯುವಾಗ ಕಾಲಿನ ಮೇಲೆ ದೇಹತೂಕದ ಹಲವು ಪಟ್ಟು ಭಾರ ಬೀಳುತ್ತದೆ. ನಮ್ಮದು ಬರಿಗಾಲು, ಕೆಳಗೆ ಟೈಲ್ಸ್ ಹಾಸಿದ ಕಾಂಕ್ರೀಟು. ವಾರವಿಡೀ ಕುರ್ಚಿಯಲ್ಲೋ ಸ್ಟಿಯರಿಂಗ್ ಹಿಂದೆಯೋ ಕುಳಿತು, ರಜಾದಿನ ಮೂರು ತಾಸು ಒಂದೇ ಸಮನೆ ಕುಣಿದರೆ ಹಿಮ್ಮಡಿಯ ಸ್ನಾಯುರಜ್ಜು, ಮಂಡಿಚಿಪ್ಪು, ಮೊಣಕಾಲ ಮೂಳೆ ತಡೆದಾವೇ?

ಇದಕ್ಕೆ ಮದ್ದು ನೆಗೆತವೇ, ಆದರೆ ಅಳತೆಯಲ್ಲಿ. ಮಾಂಸಖಂಡ ಕೆಲವು ವಾರಗಳಲ್ಲಿ ಬಲಗೊಂಡರೂ ರಜ್ಜು, ಮೂಳೆಗಳಿಗೆ ತಿಂಗಳುಗಳೇ ಬೇಕು. ಹಾಗಾಗಿ ನವೆಂಬರ್ ಪ್ರದರ್ಶನಕ್ಕೆ ಆಗಸ್ಟ್‌ನಲ್ಲೇ ಶುರು ಮಾಡಿ.

● 10 ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ.
● ಮೊದಲ ಎರಡು ವಾರ ಹಿಮ್ಮಡಿ ಎತ್ತಿಳಿಸುವುದು, ಅರ್ಧ ಬೈಠಕ್ ಮಾತ್ರ.
● ಬಳಿಕ ಚಾಪೆಯ ಮೇಲೆ ಎರಡೂ ಕಾಲಲ್ಲಿ ಸಣ್ಣ ನೆಗೆತ, 10ರಂತೆ ಎರಡು ಸುತ್ತು. ವಾರಕ್ಕೆ ಎರಡು ಸಲ ಸಾಕು, ನಡುವೆ ವಿಶ್ರಾಂತಿ ಇರಲಿ.
● ಇಳಿಯುವಾಗ ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ. ಮಂಡಿ ಬಾಗಿರಲಿ, ಒಳಕ್ಕೆ ವಾಲದೆ ಕಾಲ್ಬೆರಳಿನ ನೇರಕ್ಕಿರಲಿ. ಸದ್ದು ಕಡಿಮೆಯಾದಷ್ಟೂ ಇಳಿತ ಒಳ್ಳೆಯದು.
● ನೋವಿಲ್ಲದಿದ್ದರೆ ಒಂಟಿಕಾಲಿನ ನೆಗೆತ, ಕೊನೆಗೆ ಧೀಂಗಿಣ.

ಈಗ ಮಾತ್ರೆಯ ವಿಷಯ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿ ಕುಣಿದರೆ ನೋವು ಅಡಗುತ್ತದೆ, ಗಾಯ ಬೆಳೆಯುತ್ತದೆ. ಬೆವರಿ ನೀರಿಲ್ಲದ ದೇಹದಲ್ಲಿ ಇವು ಮೂತ್ರಪಿಂಡಕ್ಕೂ ಭಾರ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಲೀವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗಳಿಂದ ಅಪರೂಪಕ್ಕೆ ಹಿಮ್ಮಡಿಯ ರಜ್ಜು ಹರಿಯುವುದುಂಟು. ಸ್ಟಿರಾಯ್ಡ್ ಸೇವಿಸುವವರಿಗೆ, 60 ದಾಟಿದವರಿಗೆ ಅಪಾಯ ಹೆಚ್ಚು. ಮಾತ್ರೆ ಮುಗಿದು ಕೆಲವು ತಿಂಗಳಾದ ಮೇಲೂ ಹೀಗಾಗಬಹುದು. ಇವನ್ನು ಬರೆದುಕೊಟ್ಟಾಗ ಕುಣಿಯುವವರೆಂದು ವೈದ್ಯರಿಗೆ ತಿಳಿಸಿ. ಹಿಮ್ಮಡಿ ನೋಯತೊಡಗಿದರೆ ನೆಗೆತ ನಿಲ್ಲಿಸಿ ತಕ್ಷಣ ಅವರನ್ನು ಕಾಣಿ.

ಮೂಳೆಯ ಒಂದೇ ಜಾಗ ಒತ್ತಿದರೆ ನೋಯುತ್ತಿದೆಯೇ? ಹಿಮ್ಮಡಿಯಲ್ಲಿ "ಟಪ್" ಎಂದು ಸದ್ದಾಗಿ ಮುಂಗಾಲ ಮೇಲೆ ನಿಲ್ಲಲಾಗುತ್ತಿಲ್ಲವೇ? ಮುಲಾಮು ಹಚ್ಚಿ ಕಾಯಬೇಡಿ, ಆಸ್ಪತ್ರೆಗೆ ಬನ್ನಿ. ಗಾರೆ ಕೆಲಸದವರಿಗೂ ಡ್ರೈವರಿಗೂ ಆ ಕಾಲೇ ಸಂಬಳ ತರುವುದು.

ಕಾರ್ಯಕ್ರಮ ಸಮಿತಿಯವರಲ್ಲಿ ನಮ್ಮದೊಂದು ಬೇಡಿಕೆ: ಈ ಸಲ ಹಾಲ್ ಬುಕ್ ಮಾಡುವಾಗಲೇ ಅಭ್ಯಾಸಕ್ಕೆ ದಪ್ಪ ಚಾಪೆಗಳನ್ನೂ ಹೇಳಿಬಿಡಿ.