ಮೂರನೇ ಸಾಲಿನ ಸಾಲ

ನಮ್ಮಲ್ಲಿ ಲೀಸ್ ಅಂದರೆ ಮನೆಯ ಮಾತು. ಮಾಲೀಕರಿಗೆ ಇಡಿಗಂಟು ಕೊಟ್ಟು, ಮೂರು ವರ್ಷ ಬಾಡಿಗೆಯ ಗೊಡವೆಯಿಲ್ಲದೆ ಇದ್ದು, ಬಿಡುವ ದಿನ ಅದೇ ಗಂಟು ಎಣಿಸಿಕೊಂಡು ಹೊರಡುವುದು. ಹಿರಿಯರು ಭೋಗ್ಯ ಅನ್ನುತ್ತಿದ್ದರು. ಹಾಗಾಗಿ ನ್ಯೂಜೆರ್ಸಿಯ ಮಗಳು ‘ಕಾರು ಲೀಸಿಗೆ ತಗೊಂಡಿದೀವಿ ಅಪ್ಪ’ ಎಂದಾಗ ‘ಬಿಡುವಾಗ ದುಡ್ಡು ಪೂರ್ತಿ ಬರುತ್ತೆ ತಾನೆ?’ ಎಂದು ಕೇಳಿಬಿಟ್ಟೆ. ಆ ಕಡೆ ಗಂಡ ಹೆಂಡತಿ ಇಬ್ಬರೂ ನಕ್ಕರು.

ಅಲ್ಲಿನ ಲೀಸು ಬೇರೆ ಜಾತಿಯದು. ಕಾರು ಕಂಪನಿಯದೇ. ಮೂರು ವರ್ಷ ಕಳೆದ ಮೇಲೆ ಅದು ಎಷ್ಟು ಬಾಳೀತೆಂದು ಮೊದಲ ದಿನವೇ ಅಂದಾಜು ಮಾಡಿ ಬರೆದಿಡುತ್ತಾರೆ. ಅಳಿಯನ ಕಾರಿಗೆ 35,000 ಡಾಲರ್. 36 ತಿಂಗಳ ನಂತರದ ಅಂದಾಜು 20,000. ನಡುವಿನ 15,000ವನ್ನು ಕಂತು ಮಾಡಿ, ಬಡ್ಡಿ ಸೇರಿಸಿ ಕಟ್ಟುವುದು. ಅಂದರೆ ಕಾರಿನ ಸವಕಳಿಗೆ ಬಾಡಿಗೆ. ಓಡಿಸುವುದಕ್ಕೂ ಮಿತಿ ಉಂಟು, ಅವರದು ವರ್ಷಕ್ಕೆ 12,000 ಮೈಲಿ. ಮೀರಿದರೆ ಒಂದೊಂದು ಮೈಲಿಗೂ ದಂಡ.

ಸಹಿ ಹಾಕಿದಾಗ ಅವರು ಮೂವರು. ಅರ್ಧ ದಾರಿಯಲ್ಲಿ ಎರಡನೆಯ ಕೂಸು ಬಂತು. ಬಾಣಂತನಕ್ಕೆಂದು ನಾವಿಬ್ಬರು ಹೋದೆವು. ಕಾರಿನಲ್ಲಿ ಐದು ಸೀಟು, ಮನೆಯಲ್ಲಿ ಆರು ಜನ. ಮಕ್ಕಳಿಬ್ಬರಿಗೂ ಕಾರ್ ಸೀಟು ಬೇಕೇ ಬೇಕು, ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ಪದ್ಧತಿ ಅಲ್ಲಿ ಅಪರಾಧ. ಒಂದೊಂದು ಕಾರ್ ಸೀಟೂ ಸಿಂಹಾಸನದಷ್ಟು ಅಗಲ. ನನ್ನಾಕೆ ಅವೆರಡರ ನಡುವೆ ಅಡ್ಡಡ್ಡ ಸಿಕ್ಕಿಕೊಂಡು ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬಂದ ರಾತ್ರಿ ಸೊಂಟಕ್ಕೆ ಅಮೃತಾಂಜನ ತಿಕ್ಕಿಕೊಂಡಳು. ಮಗಳು ಮನೆಯಲ್ಲೇ ಉಳಿದಿದ್ದಳು, ಜಾಗವಿರಲಿಲ್ಲ.

ಮುಂದಿನ ಶನಿವಾರ ಮನೆಯ ಮುಂದೆ ಏಳು ಸೀಟಿನ ವ್ಯಾನು ಬಂದು ನಿಂತಿತು. ಪಕ್ಕಕ್ಕೆ ಜಾರುವ ಬಾಗಿಲು.

‘ಇದು ನಮ್ಮ ಮಟಡೋರ್ ಅಲ್ವೇನಪ್ಪ?’ ಎಂದೆ.

‘ಹೌದು ಮಾವ, ಬಟನ್ ಒತ್ತಿದ್ರೆ ಬಾಗಿಲು ತೆಗೆಯೋ ಮಟಡೋರ್.’

ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಹಾಳೆ ಕಣ್ಣಿಗೆ ಬೀಳದಿದ್ದರೆ ಇಷ್ಟಕ್ಕೇ ಸುಖವಾಗಿರುತ್ತಿದ್ದೆ. ನಲವತ್ತು ವರ್ಷ ಲೆಕ್ಕಪತ್ರ ನೋಡಿದವನಿಗೆ ಅಂಕಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಹಳೆಯ ಕಾರನ್ನು ಹದಿನೆಂಟನೇ ತಿಂಗಳಲ್ಲೇ ಬಿಡಲು ಕಂಪನಿಗೆ ಕಟ್ಟಬೇಕಾದದ್ದು 28,000. ಷೋರೂಮಿನವರು ಕಾರಿಗೆ ಕಟ್ಟಿದ ಬೆಲೆ 24,500. ಉಳಿದ 3,500 ಎಲ್ಲಿಗೆ ಹೋಯಿತು? ‘ಹಳೇ ಲೀಸಿನ ಚಿಂತೆ ನಮಗೆ ಬಿಡಿ’ ಎಂದಿದ್ದರಂತೆ. ಚಿಂತೆಯನ್ನೇನೋ ತೆಗೆದುಕೊಂಡರು, ಬಾಕಿಯನ್ನು ಹೊಸ ಲೀಸಿಗೆ ಸೇರಿಸಿದರು. ಮೂವತ್ತಾರು ಕಂತಿಗೆ ಹಂಚಿದರೆ ತಿಂಗಳಿಗೆ 97 ಡಾಲರ್, ಮೇಲೆ ಬಡ್ಡಿ. ಏಳು ಸೀಟಿನ ವ್ಯಾನಿನಲ್ಲಿ ನಾವು ಆರು ಜನ. ಏಳನೆಯದರಲ್ಲಿ ಹಳೆಯ ಕಾರು ಕೂತಿತ್ತು.

ಇದರಲ್ಲಿ ಮೋಸವಿಲ್ಲ. ಕಾರಿನ ಬೆಲೆ ಮೊದಲ ವರ್ಷಗಳಲ್ಲಿ ದಡದಡನೆ ಇಳಿಯುತ್ತದೆ, ಕಂತು ಮಾತ್ರ ಸಮನಾಗಿ ನಡೆಯುತ್ತದೆ. ನಡುದಾರಿಯಲ್ಲಿ ಇಳಿದವನು ಆ ಅಂತರ ತುಂಬಬೇಕು. ಗಡುವು ಮುಗಿಯುವ ತನಕ ಕಾದರೆ ಅಂದಾಜು ತಪ್ಪಿದ ನಷ್ಟ ಕಂಪನಿಯದು, ಕಾಯದಿದ್ದರೆ ನಿಮ್ಮದು. ಲೀಸನ್ನು ಬೇಗ ಮುಗಿಸಿದರೆ ಸಾವಿರಾರು ಡಾಲರ್ ತೆರಬೇಕಾದೀತು, ಎಷ್ಟು ಬೇಗ ಬಿಟ್ಟರೆ ಅಷ್ಟು ಹೆಚ್ಚು ಎಂದು ಪತ್ರದಲ್ಲೇ ಎಚ್ಚರಿಸಬೇಕೆಂಬ ನಿಯಮವೂ ಅಲ್ಲಿದೆ. ಅದಕ್ಕೆ ಮೂಲ 1976ರ ಗ್ರಾಹಕ ಲೀಸ್ ಕಾನೂನು. ಅಳಿಯನ ಪತ್ರದಲ್ಲೂ ಆ ಸಾಲುಗಳಿದ್ದವು. ಓದುವವರು ಯಾರು? ನಾನೂ ಬ್ಯಾಂಕಿನ ಸಾಲಪತ್ರಕ್ಕೆ ಓದಿ ಸಹಿ ಹಾಕಿದವನಲ್ಲ.

2021-22ರಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು. ಚಿಪ್ ಸಿಗದೆ ಹೊಸ ಕಾರುಗಳು ನಿಂತುಹೋದವು, ಹಳೆಯ ಕಾರುಗಳ ಬೆಲೆ ಏರಿತು. ಪತ್ರದಲ್ಲಿ ಬರೆದ ಅಂದಾಜಿಗಿಂತ ಕಾರು ಹೆಚ್ಚು ಬಾಳತೊಡಗಿತು. ಬೇಗ ಬಿಟ್ಟು ದುಡ್ಡು ಎಣಿಸಿಕೊಂಡವರೂ ಇದ್ದರು. ಆಗ ಹಲವು ಲೀಸ್ ಕಂಪನಿಗಳು ಮಾಡಿದ್ದೇನು ಗೊತ್ತೆ? ಕಾರನ್ನು ಹೊರಗಿನ ವ್ಯಾಪಾರಿಗೆ ಮಾರುವ ದಾರಿಯನ್ನೇ ಮುಚ್ಚಿದವು. ನಷ್ಟ ಬಂದಾಗ ಇಲ್ಲದ ಬಾಗಿಲು ಲಾಭ ಬಂದಾಗ ಹುಟ್ಟಿಕೊಂಡಿತು.

ರಾತ್ರಿ ಮಗಳನ್ನು ಕೇಳಿದೆ: ‘ವಾರಕ್ಕೊಮ್ಮೆ ವ್ಯಾನು ಬಾಡಿಗೆಗೆ ತರಬಹುದಿತ್ತಲ್ಲಮ್ಮ?’

‘ಪ್ರತಿ ಸಲ ಆ ಎರಡು ಕಾರ್ ಸೀಟು ಬಿಚ್ಚಿ ಕಟ್ಟೋರು ಯಾರಪ್ಪ? ಅಮ್ಮ ಇನ್ನೊಂದು ಸಲ ಮಧ್ಯದಲ್ಲಿ ಕೂರಲ್ಲ, ಅಷ್ಟೇ.’

ನಿಮಗೋಸ್ಕರ ಎಂದು ಅವಳು ಹೇಳಲಿಲ್ಲ. ನಮಗೆ ಸಿಕ್ಕಿದ್ದ ವೀಸಾ ವಾಸ ಆರು ತಿಂಗಳು, ವ್ಯಾನಿನ ಲೀಸು ಮೂವತ್ತಾರು. ಆ ಕಳೆಯುವ ಲೆಕ್ಕಕ್ಕೆ ಹಾಳೆ ಬೇಕಿರಲಿಲ್ಲ. ಆದರೂ ಮೂರನೆಯ ಸಾಲಿನಲ್ಲಿ ಕಾಲು ಚಾಚಿ ನಯಾಗರಕ್ಕೆ ಹೋದ ಸುಖವನ್ನು ಇಲ್ಲವೆನ್ನಲಾರೆ. ಹೋಗುವಾಗ ನಿದ್ದೆಯನ್ನೂ ಮಾಡಿದೆ.

ಮೈಸೂರಿಗೆ ಮರಳಿ ನಾಲ್ಕು ತಿಂಗಳಾಯಿತು. ಮೊನ್ನೆ ವಿಡಿಯೊ ಕರೆಯಲ್ಲಿ ಕಿಟಕಿಯಾಚೆ ವ್ಯಾನು ಕಂಡಿತು, ಬಾನೆಟ್ಟಿನ ತುಂಬ ಎಲೆ ಉದುರಿತ್ತು. ಅಳಿಯ ಈಗ ಕೆಲಸಕ್ಕೆ ರೈಲಿನಲ್ಲಿ ಹೋಗುತ್ತಾನಂತೆ. ನಮ್ಮನ್ನು ಸುತ್ತಿಸಿದ್ದರಲ್ಲೇ ವರ್ಷದ ಮೈಲಿ ಮುಕ್ಕಾಲು ಪಾಲು ಮುಗಿದಿದೆ.

‘ಉಳಿಸ್ತಾ ಇದೀವಿ ಅಪ್ಪ, ಏಪ್ರಿಲ್‌ಗೆ ಅತ್ತೆ ಮಾವ ಬರ್ತಾರೆ’ ಎಂದಳು ಮಗಳು.