ಮೊದಲು ನಾವೇ ಓದೋಣ

ಕಾಲರಾ ರೋಗಿಯ ಮೈಯ ನೀರೆಲ್ಲ ಕೆಲವೇ ಗಂಟೆಗಳಲ್ಲಿ ಬಸಿದು ಹೋಗುವುದೇಕೆ? 1884ರಲ್ಲಿ ಕಲ್ಕತ್ತದಲ್ಲಿ ಕೂತು ರಾಬರ್ಟ್ ಕಾಖ್ ರೋಗಾಣುವನ್ನು ಪ್ರತ್ಯೇಕಿಸಿ ತೋರಿಸಿದರು. ಅದು ಕೊಲ್ಲುವ ಬಗೆ ಮಾತ್ರ ಮುಂದಿನ 75 ವರ್ಷ ಗುಟ್ಟಾಗಿಯೇ ಉಳಿಯಿತು. ಬಿಡಿಸಿದವರು ಅದೇ ಊರಿನ ಶಂಭುನಾಥ ಡೇ. ಮೊಲದ ಸಣ್ಣ ಕರುಳಿನ ತುಂಡೊಂದನ್ನು ಎರಡೂ ಕಡೆ ಬಿಗಿದು ಕಟ್ಟಿ, ರೋಗಾಣುವನ್ನು ಸೋಸಿ ತೆಗೆದ ದ್ರವವನ್ನಷ್ಟೇ ಅದರೊಳಗೆ ಚುಚ್ಚಿದರು. ಕರುಳು ನೀರು ತುಂಬಿ ಉಬ್ಬಿತು. ರೋಗಾಣು ಹೊರಬಿಡುವ ವಿಷವೇ ಕೊಲೆಗಾರ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

1959ರಲ್ಲಿ 'ನೇಚರ್' ಪತ್ರಿಕೆ ಅದನ್ನು ಪ್ರಕಟಿಸಿತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದರು. 1978ರಲ್ಲಿ ನೊಬೆಲ್ ವಿಚಾರಗೋಷ್ಠಿಗೆ ಕರೆಯೂ ಬಂತು. ಆದರೆ 1985ರಲ್ಲಿ ಡೇ ತೀರಿಕೊಳ್ಳುವವರೆಗೂ ಭಾರತದ ಒಂದೇ ಒಂದು ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆ ಅವರಿಗೊಂದು ವಿಶೇಷ ಸಂಚಿಕೆ ತಂದದ್ದು 1990ರಲ್ಲಿ. ಕಲ್ಕತ್ತದಿಂದ ಬೆಂಗಳೂರಿಗೆ ಸುದ್ದಿ ಮುಟ್ಟಲು 31 ವರ್ಷ!

ಹೊರಗಿನ ಅನ್ಯಾಯ ಇಲ್ಲವೆಂದಲ್ಲ. 1976ರಲ್ಲಿ ಕಾಂಗೋದ ಯಾಂಬುಕುವಿನಲ್ಲಿ ಬರಿಗೈಯಲ್ಲೇ ಎಬೋಲಾ ರೋಗಿಗಳ ರಕ್ತ ತೆಗೆದವರು ಅಲ್ಲಿನ ವೈದ್ಯ ಮುಯೆಂಬೆ. ವೈರಸ್ ಕಂಡುಹಿಡಿದ ಕೀರ್ತಿ ಮಾತ್ರ ದಶಕಗಳ ಕಾಲ ರಕ್ತದ ಮಾದರಿ ಪಡೆದ ಯೂರೋಪಿನವರಿಗೇ ಸಂದಿತು. ಆ ಜಗಳ ಆಡಲೇಬೇಕು. ಆದರೆ ಡೇ ಅವರನ್ನು ಮರೆತದ್ದು ಯಾವ ಯೂರೋಪು?

ಆಯ್ಕೆ ಸಮಿತಿಯಲ್ಲಿ ಕುಳಿತವರೇ, ಪ್ರಬಂಧ ಅಚ್ಚಾದ ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಅಂಕ ಕೂಡಿಸಿ ಮನುಷ್ಯರನ್ನು ಅಳೆಯುವುದು ಓದದೇ ತೀರ್ಪು ಕೊಡುವ ಸೋಮಾರಿತನ. ಅದಕ್ಕೆ ಪಾರದರ್ಶಕತೆ ಎಂಬ ಹೆಸರು ಬೇರೆ! ಸಂಶೋಧಕರೇ, ಒಂದು ಮಾತನ್ನು ಮೊದಲು ಹೇಳಿದ ಧಾರವಾಡದವರನ್ನು ಬಿಟ್ಟು, ಆಮೇಲೆ ಹೇಳಿದ ಬಾಸ್ಟನ್ನಿನವರನ್ನು ಉಲ್ಲೇಖಿಸುವ ಚಾಳಿ ಬಿಡಿ. ಮಾರ್ಗದರ್ಶಕರೇ, ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಮಲೆನಾಡು ಇವತ್ತಿಗೂ ಹೆದರುತ್ತದೆ. ಆ ವಿಷಯ ಹಿಡಿದು ಬಂದ ಹುಡುಗಿಗೆ 'ಇದು ಸ್ಥಳೀಯ ಸಮಸ್ಯೆ, ದೊಡ್ಡ ಪತ್ರಿಕೆಗಳು ತಗೊಳ್ಳಲ್ಲ' ಎಂದು ಹೇಳಿ ಕಳಿಸಬೇಡಿ. ಅವಳು ಕಾಡಿಗೆ ಹೋಗಲಿ, ರೋಗ ಹರಡುವ ಉಣುಗು ಹೆಕ್ಕಲಿ, ಕಂಡದ್ದನ್ನು ಬರೆಯಲಿ.

ಮುಂದಿನ ಸಂದರ್ಶನದಿಂದಲೇ ಶುರುವಾಗಲಿ. ಪ್ರಕಟಣೆಗಳ ಪಟ್ಟಿಯನ್ನು ಬದಿಗಿಟ್ಟು, ಅಭ್ಯರ್ಥಿ ತನ್ನ ಅತ್ಯುತ್ತಮವೆಂದು ನಂಬಿರುವ ಒಂದೇ ಪ್ರಬಂಧ ಕೇಳಿ ಪಡೆಯಿರಿ. ಹಿಂದಿನ ರಾತ್ರಿ ಅದನ್ನು ಕೊನೆಯ ಸಾಲಿನವರೆಗೆ ಓದಿ ಬನ್ನಿ.