ಹತ್ತು ದಿನದ ಮಗುವಿಗೆ ಎಂತ ಪೋಸು?

ಈ ತಿಂಗಳಲ್ಲಿ ಮೂರು ಜನ ಕೇಳಿ ಆಯ್ತು, "ಅಕ್ಕಾ, ಮಗಳಿಗೆ ಡೇಟ್ ಹತ್ರ ಬಂತು, ನ್ಯೂಬಾರ್ನ್ ಫೋಟೋಶೂಟ್ ಮಾಡುವವರು ಒಳ್ಳೆಯವರು ಯಾರಾದ್ರೂ ಗೊತ್ತುಂಟಾ" ಅಂತ. ಗೊತ್ತಿದ್ರೂ ನಾನು ಹೇಳುವುದಿಲ್ಲ. ಎಂತಕ್ಕೆ ಅಂತ ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೀತಿದ್ದೇನೆ. ಬೈಯುವವರು ಪೂರ್ತಿ ಓದಿ ಆದ ಮೇಲೆ ಬೈಯಿರಿ.

ಮೊದ್ಲು ಅಜ್ಜಿಯಂದಿರ ಮಾತನ್ನು ಬದಿಗೆ ಇಡುವಾ. ಸಣ್ಣ ಮಗುವಿನ ಫೋಟೋ ತೆಗೆದ್ರೆ ಆಯುಷ್ಯ ಕಮ್ಮಿ ಆಗ್ತದೆ, ಫ್ಲ್ಯಾಶಿಗೆ ಕಣ್ಣು ಹೋಗ್ತದೆ ಅಂತೆಲ್ಲ ಹೇಳ್ತಾರಲ್ಲ, ಅದು ನನ್ನ ವಾದ ಅಲ್ಲವೇ ಅಲ್ಲ. ಸಾಮಾನ್ಯ ಕ್ಯಾಮರಾದ ಫ್ಲ್ಯಾಶಿಗೆ ಮಗುವಿನ ಕಣ್ಣು ಹಾಳಾಗುವುದಿಲ್ಲ. ಮನೆಯವರು ಮೊಬೈಲಲ್ಲಿ ದಿನಕ್ಕೆ ನೂರು ಫೋಟೋ ತೆಗೀಲಿ, ನಂಗೆಂತ ನಷ್ಟ? ನನ್ನ ತಕರಾರು ಇರುವುದು ಆ ಪ್ಯಾಕೇಜಿನ ಬಗ್ಗೆ. ಮಗುವನ್ನು ಬಟ್ಟೆ ಬಿಚ್ಚಿ, ಮಡಚಿ, ಬುಟ್ಟಿಯೊಳಗೆ ಇಟ್ಟು, ಮಂಡೆಗೆ ನವಿಲುಗರಿ ಕಟ್ಟಿ ತೆಗೆಯುವ ಆ ನಾಲ್ಕು ಗಂಟೆಯ ಗೌಜಿಯ ಬಗ್ಗೆ.

ಅದರಲ್ಲಿ ಎಂತ ಆಗ್ತದೆ ಅಂತ ಸರಿಯಾಗಿ ತಿಳ್ಕೊಳ್ಳಿ. ಮಗು ಹುಟ್ಟಿದ 5ನೇ ದಿನದಿಂದ 14ನೇ ದಿನದ ಒಳಗೆ ಬನ್ನಿ ಅಂತಾರೆ. ಆ ದಿನಗಳಲ್ಲಿ ಮಗು ಹೊಟ್ಟೆಯೊಳಗೆ ಇದ್ದ ಹಾಗೆಯೇ ಮುದುಡಿಕೊಂಡು ಗಾಢವಾಗಿ ನಿದ್ದೆ ಮಾಡ್ತದೆ, ಹೇಗೆ ಮಡಚಿದ್ರೂ ಏಳುವುದಿಲ್ಲ. ಎರಡು ಗಂಟೆಯಿಂದ ನಾಲ್ಕು ಗಂಟೆ ಹಿಡೀತದೆ. ಮೈಮೇಲೆ ಬಟ್ಟೆ ಇಲ್ಲದ ಕಾರಣ ಕೋಣೆ ಬೆಚ್ಚಗೆ ಇಡಬೇಕು, ಅದು ಸರಿಯೇ. ಬರುವ ಮೊದ್ಲು ಹೊಟ್ಟೆ ತುಂಬ ಹಾಲು ಕೊಟ್ಟು ತನ್ನಿ ಅಂತಾರೆ. ಮಧ್ಯದಲ್ಲಿ ಎದ್ದರೆ ಪುನಃ ಹಾಲು, ಪುನಃ ತೂಗುವುದು, ಮಳೆ ಬಂದ ಹಾಗೆ ಶಬ್ದ ಮಾಡುವ ಒಂದು ಡಬ್ಬಿ ಕಿವಿಯ ಹತ್ರ. ನಮ್ಮ ಏಪ್ರಿಲ್ ಸೆಖೆಯಲ್ಲಿ ಈ ಕೋಣೆಯೊಳಗೆ ಬಾಣಂತಿ ಕೂತಿರ್ಬೇಕು. ಏಸಿ ಹಾಕಿದ್ರೆ ಮಗುವಿಗೆ ಚಳಿ, ಹಾಕದಿದ್ರೆ ತಾಯಿಗೆ ಬೆವರು.

ಈಗ ಅದೇ 5ರಿಂದ 14ನೇ ದಿನದ ಒಳಗೆ ಮನೆಯಲ್ಲಿ ಎಂತ ನಡೀತಿರ್ತದೆ ನೋಡಿ. ಹುಟ್ಟಿದ ಮಗುವಿನ ತೂಕ ಮೊದಲ ಕೆಲವು ದಿನ ಇಳೀತದೆ. ಹುಟ್ಟುವಾಗ 3 ಕಿಲೋ ಇದ್ದದ್ದು 200 ಗ್ರಾಮು ಕಮ್ಮಿ ಆಗಿ, ಪುನಃ ಮೊದ್ಲಿನ ತೂಕಕ್ಕೆ ಬರ್ಲಿಕ್ಕೆ ಹತ್ತು ಹದಿನಾಲ್ಕು ದಿನ ಬೇಕು. ಕಾಮಾಲೆಯ ಹಳದಿ ಮೂರು ನಾಲ್ಕನೇ ದಿನಕ್ಕೆ ಏರಿ, ಮತ್ತೆ ನಿಧಾನಕ್ಕೆ ಇಳಿಯುವುದು ಇದೇ ಹೊತ್ತಿಗೆ. ಹಾಲು ಕುಡಿಸುವುದು ದಿನಕ್ಕೆ 8ರಿಂದ 12 ಸಲ. ಚೊಚ್ಚಲ ಹೆರಿಗೆಯಾದ ಹುಡುಗಿಗೆ ಮಗುವನ್ನು ಎದೆಗೆ ಸರಿಯಾಗಿ ಹಿಡಿಯುವುದು ಅಭ್ಯಾಸ ಆಗುವುದೂ ಆಗಲೇ. ಎದೆ ಕಟ್ಟಿ ಕಲ್ಲಾಗಿರ್ತದೆ. ಹೊಲಿಗೆ ಒಣಗಿರುವುದಿಲ್ಲ, ಕೂತರೆ ಏಳ್ಲಿಕ್ಕಾಗುವುದಿಲ್ಲ, ರಕ್ತ ಹೋಗುವುದು ನಿಂತಿರುವುದಿಲ್ಲ. ಸರಕಾರದ ಆಶಾ ಕಾರ್ಯಕರ್ತೆ ಕೂಡ ಮನೆಗೆ ಬರುವುದು 3, 7, 14, 21, 28, 42ನೇ ದಿನ. ಸುಮ್ಮನೆ ಇಟ್ಟ ಲೆಕ್ಕವಾ ಅದು? ಮಗುವನ್ನೂ ತಾಯಿಯನ್ನೂ ಹೊರಗೆ ಎಳೀಬೇಡಿ, ನೋಡುವವರೇ ಮನೆಗೆ ಹೋಗ್ಬೇಕು ಅಂತ ಇಟ್ಟದ್ದು. ಅಮೆ ಅಂತ ಹತ್ತು ದಿನ ಒಳಗೆ ಕೂರಿಸುತ್ತಿದ್ದ ನಮ್ಮವರ ಕಟ್ಟಳೆಯಲ್ಲಿ ಬೇಡದ್ದೂ ಬೇಕಾದಷ್ಟಿತ್ತು. ಆದರೆ ಬಂದವರೆಲ್ಲ ಮಗುವನ್ನು ಮುಟ್ಟದ ಹಾಗೆ ಆಗ್ತಿತ್ತಲ್ಲ, ಆ ಒಂದು ಉಪಕಾರ ಅದರಿಂದ ಆಗಿದೆ.

ನಾಯಿಕೆಮ್ಮಿನ ಚುಚ್ಚುಮದ್ದು ಮಗುವಿಗೆ ಸಿಗುವುದು ಆರು ವಾರಕ್ಕೆ. ಅಲ್ಲಿಯವರೆಗೆ ಕೆಮ್ಮುವವರ ಹತ್ರ ಬಿಡ್ಬಾರ್ದು ಅಂತ ಡಾಕ್ಟ್ರೂ ಹೇಳ್ತಾರೆ. ಮತ್ತೆ ನಿನ್ನೆ ಇನ್ನೊಂದು ಮಗು ಉಚ್ಚೆ ಹೊಯ್ದ ಅದೇ ತುಪ್ಪಳದ ಮೇಲೆ ಇವತ್ತು ನಿಮ್ಮ ಮಗುವನ್ನು ಮಲಗಿಸುವುದು! ಒಗೆದಿದ್ದಾರಾ ಅಂತ ಕೇಳ್ಲಿಕ್ಕೆ ನಮಗೆ ನಾಚಿಕೆ.

ನನ್ನ ಚಿಕ್ಕಮ್ಮನ ಮೊಮ್ಮಗಳದ್ದು ಹೇಳ್ತೇನೆ. ಆಪರೇಷನ್ ಆಗಿ ಒಂಬತ್ತನೇ ದಿನ. ಕಾರ್ಕಳದಿಂದ ಬೈಲೂರು, ಹಿರಿಯಡ್ಕ ದಾಟಿ ಕಾರಲ್ಲಿ ಬಂದದ್ದು, ಹಂಪು ಬಂದಾಗೆಲ್ಲ ಎರಡೂ ಕೈಯಲ್ಲಿ ಹೊಟ್ಟೆ ಹಿಡ್ಕೊಂಡು. ಯಾವ ಸ್ಟುಡಿಯೋ ಅಂತ ಕೇಳ್ಬೇಡಿ, ಹೇಳುವುದಿಲ್ಲ. ಮಗು ಮಲಗಲೇ ಇಲ್ಲ. ಮಡಚಿದಾಗೆಲ್ಲ ಕಾಲು ಚಾಚಿ ಕೂಗುವುದು. ಅದಕ್ಕೆ ಬೇಡ ಅಂತ ಹೇಳ್ಲಿಕ್ಕೆ ಬೇರೆ ಭಾಷೆ ಎಲ್ಲುಂಟು? ಎರಡು ಗಂಟೆ ಆದ ಮೇಲೆ ಅಲ್ಲಿದ್ದವರು, "ಹಾಲು ಸಾಕಾಗ್ಲಿಲ್ಲ ಕಾಣ್ತದೆ, ಸ್ವಲ್ಪ ಪುಡಿ ಹಾಲು ಕೊಟ್ರೆ ಮಲಗ್ತದೆ" ಅಂದ್ರಂತೆ. ಹುಡುಗಿ ಕಾರಲ್ಲಿ ಬರುವಾಗ ಕಣ್ಣೀರು ಹಾಕಿದ್ದು ಹೊಲಿಗೆ ನೋವಿಗಲ್ಲ, ಆ ಮಾತಿಗೆ. ನನ್ನ ಹಾಲು ಸಾಕಾಗುವುದಿಲ್ಲವಾ ಅಂತ ಆಮೇಲೆ ಹದಿನೈದು ದಿನ ಅವಳ ಮಂಡೆಯಲ್ಲಿ ಅದೇ. ಹಾಲು ಸಾಕಾ ಬೇಡವಾ ಅಂತ ಹೇಳುವುದು ತೂಕ ನೋಡುವ ಡಾಕ್ಟ್ರ ಕೆಲಸ. ಕ್ಯಾಮರಾ ಹಿಡಿದವರಿಗೆ ಅಲ್ಲಿ ಎಂತ ಕೆಲಸ? ಆಲ್ಬಮ್ ನೋಡಿದ್ರೆ ಮಾತ್ರ ಮಗು ಬುಟ್ಟಿಯಲ್ಲಿ ನಗ್ತಾ ಮಲಗಿದೆ. ನಾವೆಲ್ಲ ಗುಂಪಿನಲ್ಲಿ "ಎಷ್ಟು ಚಂದ" ಅಂತ ಹೃದಯ ಒತ್ತಿದ್ದೇವೆ.

ಇನ್ನು ಆ ಕಪ್ಪೆ ಪೋಸಿನ ವಿಷಯ. ಮಗು ಮೊಣಕೈ ಊರಿ, ಎರಡು ಅಂಗೈ ಮೇಲೆ ಗಲ್ಲ ಇಟ್ಟು ಕೂತಿರ್ತದಲ್ಲ, ಅದು. ಹತ್ತು ದಿನದ ಮಗುವಿಗೆ ಕುತ್ತಿಗೆ ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತುಂಟು. ಹಾಗಾದ್ರೆ ಆ ಮಂಡೆ ಹೇಗೆ ನಿಂತಿತು? ನಿಂತೇ ಇಲ್ಲ ಮಾರಾಯ್ತಿ. ಒಂದು ಫೋಟೋದಲ್ಲಿ ಒಬ್ಬರು ಮಂಡೆ ಹಿಡ್ಕೊಂಡಿರ್ತಾರೆ, ಇನ್ನೊಂದರಲ್ಲಿ ಮಣಿಕಟ್ಟು ಹಿಡ್ಕೊಂಡಿರ್ತಾರೆ. ಆಮೇಲೆ ಕಂಪ್ಯೂಟರಲ್ಲಿ ಎರಡನ್ನೂ ಸೇರಿಸಿ ಕೈಗಳನ್ನು ಅಳಿಸ್ತಾರೆ. ಕಲಿತವರು ಮಾಡುವುದು ಹೀಗೆ. ಕಲಿಯದೆ, ಬರೀ ಇನ್ಸ್ಟಾಗ್ರಾಮ್ ನೋಡಿ ಮಾಡುವವನು ನಿಜವಾಗಿಯೂ ಮಗುವನ್ನು ಹಾಗೆ ಕೂರಿಸ್ಲಿಕ್ಕೆ ನೋಡ್ತಾನೆ. ಮಂಡೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತಿದ್ರೆ ಅಷ್ಟು ಸಣ್ಣ ಮಗುವಿಗೆ ಉಸಿರೇ ಕಟ್ಟಬಹುದು. ಮದುವೆ ಫೋಟೋ ತೆಗೆಯುವವನು ನಾಳೆಯಿಂದ ನ್ಯೂಬಾರ್ನ್ ಅಂತ ಬೋರ್ಡ್ ಹಾಕಿದ್ರೆ, ನೀನು ಎಲ್ಲಿ ಕಲಿತದ್ದು ಅಂತ ನಮ್ಮಲ್ಲಿ ಯಾರು ಕೇಳ್ತಾರೆ?

ಈ ಕೈ ಅಳಿಸುವುದು ಹೊಸತೇನಲ್ಲ. ನೂರೈವತ್ತು ವರ್ಷದ ಹಿಂದೆ ವಿಲಾಯಿತಿಯಲ್ಲಿ ಒಂದು ಫೋಟೋ ಮೂಡ್ಲಿಕ್ಕೆ ಎಷ್ಟೋ ಹೊತ್ತು ಅಲುಗದೆ ಇರ್ಬೇಕಿತ್ತು. ಮಗುವನ್ನು ಹಿಡ್ಕೊಳ್ಲಿಕ್ಕೆ ತಾಯಿಯನ್ನೇ ಕುರ್ಚಿಯ ಹಾಗೆ ಕೂರಿಸಿ, ಅವಳ ಮಂಡೆಯಿಂದ ಕಾಲಿನವರೆಗೆ ಬಟ್ಟೆ ಹೊದೆಸಿ, ಅವಳ ಮಡಿಲಲ್ಲಿ ಮಗುವನ್ನು ಇಟ್ಟು ತೆಗೀತಿದ್ರು. ಈಗಲೂ ಆ ಚಿತ್ರಗಳು ಸಿಗ್ತವೆ. ನೋಡಿದ್ರೆ ಹೊಟ್ಟೆ ತೊಳಸ್ತದೆ, ಮಗುವಿನ ಹಿಂದೆ ಒಂದು ಹೊದಿಕೆಯ ಗುಡ್ಡೆ, ಅದು ಅಮ್ಮ. ಆಮೇಲೆ ಆಸ್ಟ್ರೇಲಿಯಾದ ಆನ್ ಗೆಡ್ಡಿಸ್ ಎಂಬವರು ಮಕ್ಕಳನ್ನು ಹೂವಿನ ಎಸಳಿನೊಳಗೆ, ಹೂಕುಂಡದೊಳಗೆ ಇಟ್ಟು ತೆಗೆದ ಫೋಟೋಗಳ ಪುಸ್ತಕ 1996ರಲ್ಲಿ ಬಂತು. ಅದರ ಪೋಸ್ಟರು, ಕ್ಯಾಲೆಂಡರು ಲೋಕ ಇಡೀ ಹರಡಿತು. ಆ ಹೂಕುಂಡವೇ ಈಗ ಉಡುಪಿಗೆ ಬರುವಾಗ ಬೆಣ್ಣೆ ಮಡಕೆ ಆಗಿದೆ. ಅಷ್ಟಮಿಗೆ ರಥಬೀದಿಯಲ್ಲಿ ಮುದ್ದುಕೃಷ್ಣ ವೇಷ ಹಾಕುವ ಮಕ್ಕಳು ನಡೀತಾವೆ, ಕಿರೀಟ ಕಿತ್ತು ಬಿಸಾಡ್ತಾವೆ, ಬೇಡ ಅಂತ ಬೊಬ್ಬೆ ಹಾಕ್ತಾವೆ. ಹತ್ತು ದಿನದ್ದಕ್ಕೆ ಅದೂ ಗೊತ್ತಿಲ್ಲ.

ನಮ್ಮ ಹಳೇ ಸ್ಟುಡಿಯೋದವರಿಗೆ ಈ ಬುದ್ಧಿ ಇತ್ತು. ನಿಮ್ಮ ಮನೆಯ ಕಪ್ಪು ಬಿಳುಪು ಆಲ್ಬಮ್ ತೆಗೆದು ನೋಡಿ. ಮೇಜಿನ ಮೇಲೆ ಹೂವಿನ ಬಟ್ಟೆ ಹಾಸಿ, ಮಗುವನ್ನು ಕವುಚಿ ಮಲಗಿಸಿ, ಅದು ಮಂಡೆ ಎತ್ತಿ ನೋಡುವ ಫೋಟೋ ಒಂದು ಇದ್ದೇ ಇರ್ತದೆ. ಮಗು ತಾನಾಗಿ ಕವುಚಿ ಬಿದ್ದು ಕುತ್ತಿಗೆ ನಿಂತ ಮೇಲೆ, ನಾಲ್ಕೈದು ತಿಂಗಳಾದ ಮೇಲೆ ಕರ್ಕೊಂಡು ಹೋಗ್ತಿದ್ದದ್ದು ಅದು. ಬಾಣಂತನ ಮುಗಿದಿರ್ತಿತ್ತು, ತಾಯಿಯೂ ಒಳ್ಳೇ ಸೀರೆ ಉಟ್ಟು ನಿಲ್ಲುವಷ್ಟು ಗಟ್ಟಿ ಆಗಿರ್ತಿದ್ಲು. ಒಂದೇ ಒಂದು ಫೋಟೋ, ಐದು ನಿಮಿಷದ ಕೆಲಸ. ಅಷ್ಟರಲ್ಲಿ ಯಾರ ಬಾಲ್ಯವೂ ತಪ್ಪಿ ಹೋಗ್ಲಿಲ್ಲ.

ಇಷ್ಟೆಲ್ಲ ಸಹಿಸ್ಕೊಳ್ಳಬಹುದು. ನನಗೆ ಸಹಿಸ್ಲಿಕ್ಕೇ ಆಗದ್ದು ಬಣ್ಣದ ವಿಷಯ. ಹುಟ್ಟಿದ ಮಗುವಿನ ಚರ್ಮ ಸುಲೀತದೆ, ಮೂಗಿನ ಮೇಲೆ ಬಿಳಿ ಚುಕ್ಕಿ ಇರ್ತದೆ, ಕಿವಿಯ ಮೇಲೆ ಕೂದಲು ಇರ್ತದೆ, ನಮ್ಮ ಮಕ್ಕಳಿಗೆ ಸೊಂಟದ ಹತ್ರ ನೀಲಿ ಮಚ್ಚೆ ಇರ್ತದೆ. ಅದೆಲ್ಲ ಹೋಗ್ತದೆ, ಒಂದೊಂದು ತಿಂಗಳು ಒಂದೊಂದು ವರ್ಷ ತಗೊಂಡು ತಾನಾಗಿ ಹೋಗ್ತದೆ. ಸ್ಟುಡಿಯೋದವರು ಒಂದೇ ರಾತ್ರಿಯಲ್ಲಿ ತೆಗೆದು ಕೊಡ್ತಾರೆ. ಅದರ ಒಟ್ಟಿಗೆ ಮಗುವಿನ ಮೈಬಣ್ಣವನ್ನೂ ತೆಗೀತಾರೆ. ಎಣ್ಣೆಗಪ್ಪಿನ ಅಪ್ಪ, ಎಣ್ಣೆಗಪ್ಪಿನ ಅಮ್ಮ, ಮಧ್ಯದಲ್ಲಿ ಗುಲಾಬಿ ಬಣ್ಣದ ಮಗು! ಯಾರದ್ದು ಇದು? ಹೆರಿಗೆ ಕೋಣೆಯಿಂದ ಹೊರಗೆ ಬರುವಾಗಲೇ "ಬಣ್ಣ ಯಾರ ಹಾಗೆ" ಅಂತ ಕೇಳುವವರು, ಕೇಸರಿ ಹಾಲು ಕುಡಿದದ್ದು ದಂಡ ಆಯ್ತು ಅಂತ ಕುಶಾಲು ಮಾಡುವವರು ನಮ್ಮ ಮನೆಗಳಲ್ಲಿ ಕಮ್ಮಿ ಇಲ್ಲ. ಈಗ ಆ ಮಾತನ್ನು ಫ್ರೇಮ್ ಹಾಕಿ ಚಾವಡಿಯಲ್ಲಿ ನೇತು ಹಾಕಿದ ಹಾಗೆ ಆಯ್ತು. ಆ ಹುಡುಗಿ ಎಂಟು ವರ್ಷಕ್ಕೆ ಕನ್ನಡಿ ನೋಡಿ, ಗೋಡೆ ನೋಡಿ, "ಅಮ್ಮಾ, ನಾನು ಯಾವಾಗ ಕಪ್ಪಾದದ್ದು" ಅಂತ ಕೇಳಿದ್ರೆ ಎಂತ ಉತ್ತರ ಕೊಡ್ತೀರಿ?

ಇದರಲ್ಲಿ ಅಪಾಯವೂ ಉಂಟು. ಕಾಮಾಲೆ ನೋಡಬೇಕಾದ್ದು ಹಗಲು ಬೆಳಕಲ್ಲಿ, ಕಣ್ಣಿನ ಬಿಳಿ ಭಾಗ, ಹೊಟ್ಟೆ, ಅಂಗೈ, ಅಂಗಾಲು. ಹಳದಿ ಅಂಗೈ ಅಂಗಾಲಿಗೆ ಇಳಿದ್ರೆ, ಅಥವಾ ಮಗು ಹಾಲು ಕುಡಿಯದೆ ಬರೀ ಮಲಗಿಯೇ ಇದ್ರೆ, ಅವತ್ತೇ ಮಣಿಪಾಲವೋ ಉಡುಪಿಯೋ ಕಾರ್ಕಳವೋ, ಹತ್ರದ ಆಸ್ಪತ್ರೆಗೆ ಓಡ್ಬೇಕು. ತಿದ್ದಿ ಬೆಳ್ಳಗೆ ಮಾಡಿದ ಫೋಟೋ ನೋಡಿ ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಅಜ್ಜಿಗೆ ಎಂತ ಗೊತ್ತಾಗ್ತದೆ? ಎಬ್ಬಿಸಿದ್ರೂ ಏಳದ ಮಗುವನ್ನು ನೋಡಿ "ಎಷ್ಟು ಪಾಪದ ಮಗು, ಒಳ್ಳೇ ಪೋಸ್ ಕೊಡ್ತದೆ" ಅಂತ ಖುಷಿ ಪಡುವ ಕೋಣೆಯಲ್ಲಿ ಅದು ಯಾರ ಗಮನಕ್ಕೆ ಬರ್ತದೆ?

"ಅಕ್ಕಾ, ಆ ದಿನ ಪುನಃ ಬರ್ತದಾ" ಅಂತ ಕೇಳ್ತೀರಿ. ಬರುವುದಿಲ್ಲ, ಅದಕ್ಕೇ ಹೇಳುವುದು. ಆ ದಿನದಲ್ಲಿ ನಾಲ್ಕು ಗಂಟೆಯನ್ನು ಸ್ಟುಡಿಯೋಗೆ ಯಾಕೆ ಕೊಡ್ಬೇಕು? ಕಾಪು ಲೈಟ್‌ಹೌಸ್ 1901ರಿಂದ ಅಲ್ಲೇ ಉಂಟು, ಕಾರ್ಕಳದ ಗೊಮ್ಮಟ 1432ರಿಂದ ಅಲುಗದೆ ನಿಂತಿದ್ದಾನೆ. ಅವರ ಫೋಟೋ ಹೊತ್ತು ನೋಡಿ ತೆಗೀಬಹುದು. ಮಗು ಹಾಗಲ್ಲ, ಅದಕ್ಕೆ ಹೊತ್ತಿಗೆ ಸರಿಯಾಗಿ ಹಾಲು ಬೇಕು, ಅಮ್ಮನ ಮೈಬಿಸಿ ಬೇಕು.

ಆದರೂ ಮಾಡಿಸ್ಲೇಬೇಕು, ಬಾಣಂತಿಗೇ ಆಸೆ ಅಂತಾದ್ರೆ (ಅತ್ತೆಗೆ, ಗಂಡನಿಗೆ, ನಾದಿನಿಗೆ ಆಸೆ ಅಂತಲ್ಲ) ಮನೆಗೆ ಬರುವವರನ್ನು ಕರೀರಿ. ಒಳ್ಳೇ ಕೆಲಸ ಮಾಡುವವರೂ ಇದ್ದಾರೆ, ಮಗು ಕೂಗಿದ ಕೂಡ್ಲೇ ಕ್ಯಾಮರಾ ಕೆಳಗೆ ಇಡುವವರು. ಅಡ್ವಾನ್ಸ್ ಕೊಡುವ ಮೊದ್ಲು ಬಾಯಿ ಬಿಟ್ಟು ಕೇಳಿ: ಎಲ್ಲಿ ಕಲಿತದ್ದು, ಕಪ್ಪೆ ಪೋಸ್ ಹೇಗೆ ಮಾಡ್ತೀರಿ, ಮಗುವಿನ ಹತ್ರ ಒಂದು ಕೈ ಯಾವಾಗಲೂ ಇರ್ತದಾ, ಬಟ್ಟೆ ಒಗೆಯುವುದು ಯಾವಾಗ, ಕೆಮ್ಮು ಶೀತ ಇದ್ರೆ ದಿನ ಬದಲಾಯಿಸ್ತೀರಾ. "ಎರಡು ಫೋಟೋ ಸೇರಿಸಿ ಮಾಡುವುದು" ಅಂತ ಉತ್ತರ ಬಾರದಿದ್ರೆ ಅಲ್ಲಿಗೇ ನಮಸ್ಕಾರ ಹೇಳಿ. ಬಣ್ಣ ಮುಟ್ಟಬಾರ್ದು ಅಂತ ಮೊದ್ಲೇ ಹೇಳಿ. ಸೈನ್ ಮಾಡುವ ಕಾಗದ ಪೂರ್ತಿ ಓದಿ. ನಿಮ್ಮ ಮಗುವಿನ ಬತ್ತಲೆ ಫೋಟೋವನ್ನು ಅವರ ಪೇಜಿಗೆ, ಜಾಹೀರಾತಿಗೆ ಹಾಕ್ಲಿಕ್ಕೆ ಒಪ್ಪಿಗೆ ಅಂತ ಒಂದು ಗೆರೆ ಅದರಲ್ಲಿ ಇದ್ದರೆ ಹೊಡೆದು ಹಾಕಿ. ಆಗುವುದಿಲ್ಲ ಅಂತ ಹೇಳಿದ್ರೆ ಏಳಿ.

ಮತ್ತೆ ದಯಮಾಡಿ, ಬಾಣಂತಿ ನೋಡ್ಲಿಕ್ಕೆ ಹೋದವರು "ಶೂಟ್ ಮಾಡ್ಸಿಲ್ವಾ" ಅಂತ ಕೇಳುವುದನ್ನು ಬಿಡಿ. ಕೇಳ್ಲೇಬೇಕಾದ್ರೆ ಊಟ ಆಯ್ತಾ, ರಾತ್ರಿ ಎಷ್ಟು ಹೊತ್ತು ಮಲಗಿದ್ದಿ ಅಂತ ಕೇಳಿ.

ಮನೆಯಲ್ಲೇ ತೆಗೀಲಿಕ್ಕೆ ಬೆಳಿಗ್ಗೆ ಹತ್ತು ಗಂಟೆಯ ಕಿಟಕಿ ಬೆಳಕು ಸಾಕು, ಲೈಟು ಆಫ್ ಮಾಡಿ. ಮಗುವನ್ನು ಅಮ್ಮನ ಮಡಿಲಲ್ಲಿ ಬಿಡಿ, ಅಮ್ಮನ ಮುಖವೂ ಬರಲಿ, ಕೆದರಿದ ಮಂಡೆ, ಕಿವಿಗೆ ಕಟ್ಟಿದ ಬಟ್ಟೆ ಎಲ್ಲ ಬರಲಿ. ಕೆನ್ನೆಯ ದೃಷ್ಟಿ ಬೊಟ್ಟು ಅಳಿಸ್ಬೇಡಿ. ತೊಟ್ಟಿಲಿಗೆ ಹಾಕುವ ದಿನ ಅಜ್ಜಿಯ ಕೈ ಮೇಲೆ ಮಗುವಿನ ಕೈ ಇಟ್ಟು ಒಂದು ತೆಗೀರಿ. ಮೀಯಿಸಿ ತಂದು ಬಟ್ಟೆಯಲ್ಲಿ ಸುತ್ತಿದ ಕೂಡ್ಲೇ ಒಂದು. ಮೊಬೈಲಲ್ಲೇ ಬಿಡ್ಬೇಡಿ, ನಾಲ್ಕೈದು ಪ್ರಿಂಟ್ ಹಾಕಿಸಿ, ಹಿಂದೆ ತಾರೀಕು, ತೂಕ ಬರೆದಿಡಿ. ಮೀಯಿಸಿದವರ ಹೆಸರೂ ಬರೀರಿ. ನಮ್ಮ ಮನೆಯ ಏಳು ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸಿದವರದ್ದು ಒಂದೇ ಒಂದು ಫೋಟೋ ನಮ್ಮಲ್ಲಿ ಇಲ್ಲ.